ಇಪ್ಪತ್ತೇಳನೆಯ ಚೌಕ

ತಪ್ಪಿದ ಅಂಕಿ ಯಾವುದು ಎಂದು ಮೊದಲೇ ಹೇಳಿಬಿಡುತ್ತೇನೆ: 485. ಆ ಜಾಗದಲ್ಲಿ 460 ಇರಬೇಕಿತ್ತು. ಟೈಪು ಮಾಡುವಾಗ ಬೆರಳು ಜಾರಿ ಆದ ತಪ್ಪಲ್ಲ ಅದು. ಕನ್ನಡಕ ಹಾಕಿಕೊಂಡು, ಎರಡು ಸಲ ಓದಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಯಂತ್ರಕ್ಕೆ ಕೊಟ್ಟ ಅಂಕಿ. ಇಷ್ಟು ವರ್ಷಗಳಾದರೂ ಅದು ನನ್ನನ್ನು ಬಿಡದಿರುವುದು ಅದಕ್ಕಾಗಿಯೇ.

ಎಂಬತ್ತರ ದಶಕದ ನಡುವಿನ ಮಾತು. ಶಾಲೆಗಳಿಗೆ ಕಂಪ್ಯೂಟರ್ ಕೊಡುವ ಸರಕಾರಿ ಯೋಜನೆಯೊಂದಕ್ಕೆ ನಮ್ಮ ಭಾಗದಿಂದ ನಾಲ್ವರು ಶಿಕ್ಷಕರನ್ನು ಆರಿಸಿ ಧಾರವಾಡದಲ್ಲಿ ಮೂರು ವಾರ ತರಬೇತಿ ಕೊಟ್ಟಿದ್ದರು. ಸವಣೂರಿನಿಂದ ನಾನು, ಹಾನಗಲ್ಲಿನಿಂದ ಒಬ್ಬ ಭೌತಶಾಸ್ತ್ರದ ಮಾಸ್ತರು, ಶಿಗ್ಗಾವಿಯಿಂದ ಒಬ್ಬ ಗಣಿತದ ಮಾಸ್ತರು, ಹಿರೇಕೆರೂರಿನಿಂದ ಒಬ್ಬ ವಿಜ್ಞಾನ ಶಿಕ್ಷಕಿ. ತರಬೇತಿ ಮುಗಿದ ಮೇಲೆ ಬಂದದ್ದು ಒಂದೇ ಯಂತ್ರ. ಅದು ಸವಣೂರಿಗೆ ಬಂತು. ಉಳಿದ ಮೂರು ಊರುಗಳಿಗೆ ‘ಮುಂದಿನ ಹಂತದಲ್ಲಿ’ ಎಂಬ ಉತ್ತರ ಬಂತು.

ಯಂತ್ರವೆಂದರೆ ಒಂದು ಕೀಲಿಮಣೆ, ಒಂದು ಟಿ.ವಿ., ಹಾಡು ಕೇಳುವಂಥದೇ ಒಂದು ಟೇಪ್ ರೆಕಾರ್ಡರ್. ಬರೆದ ಪ್ರೋಗ್ರಾಮನ್ನು ಕ್ಯಾಸೆಟ್ಟಿನಲ್ಲಿ ಉಳಿಸಬೇಕು, ಬೇಕಾದಾಗ ಕ್ಯಾಸೆಟ್ಟಿನಿಂದಲೇ ತುಂಬಿಸಬೇಕು. ತುಂಬುವಾಗ ಕೀರಲು ಸದ್ದು ಮಾಡುತ್ತ ಏಳೆಂಟು ನಿಮಿಷ ತೆಗೆದುಕೊಳ್ಳುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ತಿಂಗಳೊಪ್ಪತ್ತಿನಲ್ಲಿ ಹಾನಗಲ್ಲಿನ ಮಾಸ್ತರರ ಕಾಗದ ಬಂತು. ‘ಕಲಿತದ್ದು ಕೈಬಿಟ್ಟು ಹೊಂಟದ, ಏನರ ಹಾದಿ ಹುಡುಕ್ರಿ’ ಎಂದು ಬರೆದಿದ್ದರು. ನಾನು ಹುಡುಕಿದ ಹಾದಿ ಒಂದು ಆಟ.

ಎಂಟಕ್ಕೆ ಎಂಟರಂತೆ ಅರವತ್ತನಾಲ್ಕು ಚೌಕಗಳ ಒಂದು ನಾಡು. ಅದರಲ್ಲಿ ನಾಲ್ಕು ಕುಲಗಳು: ನಾಗರು, ಯಕ್ಷರು, ಕಿನ್ನರರು, ರಾಕ್ಷಸರು. ನಾಡಿನಲ್ಲಿ ಕಾಡು, ಬಯಲು, ಕೆರೆ. ನಾಗರು ನೀರಿನಲ್ಲಿದ್ದರೆ ಅವರ ಬಲ ಒಂದೂವರೆ ಪಟ್ಟು. ಯಕ್ಷರು ಬಯಲಿನಲ್ಲಿ ಬೇಗ ನಡೆಯುತ್ತಾರೆ. ಕಿನ್ನರರು ಕಾಡಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ರಾಕ್ಷಸರನ್ನು ಆಡಿಸುವುದು ಯಂತ್ರವೇ. ಸುತ್ತಲಿನ ಚೌಕಗಳಲ್ಲಿ ಯಾರು ದುರ್ಬಲರೋ ಅವರ ಮೇಲೆ ಬೀಳಬೇಕೆಂದು ಅದಕ್ಕೆ ಹೇಳಿಟ್ಟಿದ್ದೆ. ಉಳಿದ ಮೂರು ಕುಲಗಳು ಮೂರು ಊರಿಗೆ. ಚೀಟಿ ಎತ್ತಿದಾಗ ನಾಗರು ಹಿರೇಕೆರೂರಿಗೂ, ಯಕ್ಷರು ಹಾನಗಲ್ಲಿಗೂ, ಕಿನ್ನರರು ಶಿಗ್ಗಾವಿಗೂ ಹೋದರು. ನಾನು ಆಡುವಂತಿಲ್ಲ. ಎಲ್ಲರ ಗುಟ್ಟಿನ ಕಾಗದ ಓದುವವನು ನಾನೇ.

ಹದಿನೈದು ದಿನಕ್ಕೊಂದು ಸರತಿ. ಹೀಗೆ ಹನ್ನೆರಡು ಸರತಿ, ಕೊನೆಗೆ ಯಾರ ಕೈಯಲ್ಲಿ ಹೆಚ್ಚು ಚೌಕವೋ ಅವರು ಗೆದ್ದಂತೆ. ಯಾವ ಚೌಕದಿಂದ ಎಷ್ಟು ಮಂದಿ ಯಾವ ಚೌಕಕ್ಕೆ ಎಂದು ಮೂವರೂ ಬರೆದು ಶುಕ್ರವಾರದೊಳಗೆ ಮುಟ್ಟಿಸಬೇಕು. ಹಾನಗಲ್ಲಿನದೂ ಶಿಗ್ಗಾವಿಯದೂ ಬಸ್ಸಿನ ಕಂಡಕ್ಟರರ ಕೈಯಲ್ಲಿ ಬರುತ್ತಿದ್ದವು. ಹಿರೇಕೆರೂರಿನದು ಅಂಚೆಯಲ್ಲಿ, ಯಾವಾಗಲೂ ಎರಡು ದಿನ ಮೊದಲೇ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ನಾನು ಎಲ್ಲವನ್ನೂ ಟೈಪು ಮಾಡಿ ಸರತಿ ಓಡಿಸುತ್ತಿದ್ದೆ. ಎಲ್ಲೆಲ್ಲಿ ಹೋರಾಟವಾಯಿತು, ಎರಡೂ ಕಡೆ ಎಷ್ಟು ಬಲವಿತ್ತು, ಯಾರು ಉಳಿದರು ಎಂಬುದನ್ನು ಮೂರು ಇನ್‌ಲ್ಯಾಂಡ್ ಲೆಟರುಗಳಲ್ಲಿ ಕೈಯಿಂದ ಬರೆದು ಕಳಿಸುತ್ತಿದ್ದೆ.

ಮೊದಲ ತಕರಾರು, ಆಟ ಶುರುವಾಗುವ ಮುಂಚೆಯೇ, ಅದೃಷ್ಟದ ಬಗ್ಗೆ. ದಾಳಿ ಮಾಡುವವರ ಬಲ 140, ತಡೆಯುವವರ ಬಲ 60 ಇದ್ದರೆ ದಾಳಿಯವರಿಗೆ ನೂರರಲ್ಲಿ 70 ಪಾಲು ಅವಕಾಶ. ಆಮೇಲೆ ಒಂದು ಅದೃಷ್ಟದ ಅಂಕಿ ತೆಗೆಯಬೇಕು. ಅದು 70ಕ್ಕಿಂತ ಕಡಿಮೆ ಬಂದರೆ ಚೌಕ ಬಿತ್ತು, ಇಲ್ಲದಿದ್ದರೆ ಉಳಿಯಿತು. ಆ ಅಂಕಿಯನ್ನು ಯಂತ್ರವೇ ತೆಗೆಯುವಂತೆ ನಾನು ಮಾಡಿದ್ದೆ.

ಹಾನಗಲ್ಲಿನ ಮಾಸ್ತರು ಅದಕ್ಕಾಗಿಯೇ ಬಸ್ ಹತ್ತಿ ಬಂದರು. ತಿನ್ನಲೆಂದು ತಂದ ಖಾರದ ಪೊಟ್ಟಣ ಬಿಚ್ಚಿ ಟೇಬಲ್ಲಿನ ಮೇಲೆ ಇಟ್ಟು, “ಮಾಸ್ತರ, ನಿಮ್ಮ ಮ್ಯಾಲೆ ಸಂಶೇ ಇಲ್ಲ. ಆದ್ರ ಯಂತ್ರದ ಹೊಟ್ಟ್ಯಾಗಿನ ದಾಳ ಯಾರ ನೋಡ್ಯಾರ್ರಿ? ನಮಗೂ ಕಾಣೂ ಹಂಗ ಒಗೀರಿ,” ಎಂದರು.

ಮಾತು ನ್ಯಾಯವಾಗಿತ್ತು. ಮೂವರ ಬಳಿಯೂ ಯಂತ್ರವಿಲ್ಲ. ಪೆನ್ಸಿಲ್ಲಿನಿಂದ ತಾಳೆ ನೋಡುವಂಥ ಅದೃಷ್ಟ ಬೇಕು, ಅದು ಯಾರ ಕೈಯಲ್ಲೂ ಇರಬಾರದು. ಕೊನೆಗೆ ಶಿಗ್ಗಾವಿಯ ಮಾಸ್ತರು ಉಪಾಯ ಬರೆದು ಕಳಿಸಿದರು. ನಾಲ್ಕೂ ಊರಿಗೆ ಹುಬ್ಬಳ್ಳಿಯಿಂದ ಒಂದೇ ಪೇಪರು ಬರುತ್ತದೆ. ಅದರಲ್ಲಿ ಪೇಟೆ ಧಾರಣೆಯ ಕಾಲಂ ಇರುತ್ತದೆ. ಆ ಶನಿವಾರದ ಪೇಪರಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಮೇಲ್ದರ ಏನಿದೆಯೋ ಅದರ ಕೊನೆಯ ಮೂರು ಅಂಕಿಗಳನ್ನು ಹೋರಾಟ ನಡೆದ ಚೌಕದ ಸಂಖ್ಯೆಯಿಂದ ಗುಣಿಸಿ, 101ರಿಂದ ಭಾಗಿಸಬೇಕು. ಉಳಿದ ಶೇಷವೇ ಅದೃಷ್ಟ. ಮೆಣಸಿನಕಾಯಿಯ ದರ ನಾಳೆ ಏನಾಗುತ್ತದೆಂದು ಬಲ್ಲವರು ನಮ್ಮ ಭಾಗದಲ್ಲಿ ಯಾರೂ ಇಲ್ಲ. ಎಲ್ಲರೂ ಒಪ್ಪಿದರು. ನಾನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಿಯಮ ಬರೆದುಕೊಂಡೆ: ‘ಆ ಶನಿವಾರದ ಪೇಪರು.’

ಮೂರೇ ಪದ. ಸಾಕೆನಿಸಿತ್ತು.

ಆಟ ಚೆನ್ನಾಗಿ ನಡೆಯಿತು. ಆದೇಶಗಳ ಜೊತೆಗೆ ಬರುತ್ತಿದ್ದ ಮಾತುಗಳೂ ಚೆನ್ನಾಗಿದ್ದವು. ‘ಏನ್ರೀ, ನಿಮ್ಮ ರಾಕ್ಷಸರು ಉಪವಾಸ ಹಿಡದಾರೇನು? ಎರಡ ಸರತಿ ಆತು, ಮನಿ ಬಿಟ್ಟು ಹೊರಗ ಬಂದಿಲ್ಲ’ ಎಂದು ಹಾನಗಲ್ಲಿನಿಂದ. ಶಿಗ್ಗಾವಿಯವರ ಕಾಡುಗಳು ಒಂದೊಂದಾಗಿ ಹೋಗುತ್ತಿದ್ದಾಗ, ‘ನಮ್ಮ ಕಿನ್ನರರು ಹಾಡಾಕ ಬಂದವರು, ಹೊಡದಾಡಾಕ ಅಲ್ಲ ಬಿಡ್ರಿ’ ಎಂದು ಅಲ್ಲಿಂದ. ಹಿರೇಕೆರೂರಿನ ಶಿಕ್ಷಕಿ ಮಾತ್ರ ಚೌಕ, ಸಂಖ್ಯೆ, ಸಹಿ ಬಿಟ್ಟರೆ ಇನ್ನೇನೂ ಬರೆಯುತ್ತಿರಲಿಲ್ಲ. ಅವರು ಕೆರೆಯಿಂದ ಕೆರೆಗೆ ನಾಗರನ್ನು ದಾಟಿಸುತ್ತ ಸದ್ದಿಲ್ಲದೆ ಬೆಳೆದರು. ಮೂರು ಕೆರೆಗಳ ನಡುವಿನ ಕೊಂಡಿಯೆಂದರೆ ಇಪ್ಪತ್ತೇಳನೆಯ ಚೌಕದ ಕೆರೆ. ಅದು ಅವರ ಕೈಯಲ್ಲಿರುವ ತನಕ ಅವರ ಯಾವ ಪಡೆಯೂ ಒಂಟಿಯಾಗುತ್ತಿರಲಿಲ್ಲ.

ಏಳನೆಯ ಸರತಿಯ ಹೊತ್ತಿಗೆ ಮೇಲಿನ ಕಚೇರಿಯಿಂದ ನನಗೊಂದು ಪತ್ರ ಬಂತು. ಮುಂದಿನ ಹಂತದ ತರಬೇತಿ, ಆರು ವಾರ, ಹೊರ ಊರಿನಲ್ಲಿ. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರಿನ ಮೂವರಲ್ಲಿ ಒಬ್ಬರಿಗೆ ಜಾಗ. ತರಬೇತಿ ಪಡೆದವರ ಶಾಲೆಗೆ ಮುಂದಿನ ಯಂತ್ರ. ಯಂತ್ರದ ಉಸ್ತುವಾರಿ ಶಿಕ್ಷಕನೆಂದು ನಾನು ಒಂದು ಹೆಸರನ್ನು ಶಿಫಾರಸು ಮಾಡಬೇಕು.

ಮೂವರೂ ಸ್ನೇಹಿತರು. ಒಬ್ಬರ ಹೆಸರು ಬರೆದರೆ ಇಬ್ಬರಿಗೆ ನೋವು. ಪತ್ರವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ಕೊನೆಗೆ ಮೂವರಿಗೂ ವಿಷಯ ಬರೆದೆ. ಹಾನಗಲ್ಲಿನ ಮಾಸ್ತರು ಮರುದಿನವೇ ಚೀಟಿ ಕಳಿಸಿದರು: ‘ಇದರಾಗ ತಲಿ ಕೆಡಿಸ್ಕೊಳ್ಳೂದೇನೈತಿ? ಆಟ ನಡದೈತೆಲ್ಲ. ಗೆದ್ದವರು ಹೋಗಲಿ.’ ಶಿಗ್ಗಾವಿಯವರು, ‘ಹಂಗಾದ್ರ ನಾ ಆಗಲೇ ಮನ್ಯಾಗ ಉಳದಂಗ. ಇರಲಿ, ಕಬೂಲ್’ ಎಂದರು. ಹಿರೇಕೆರೂರಿನಿಂದ ಒಂದೇ ಸಾಲು ಬಂತು: ‘ಉಳಿದವರಿಗೆ ಒಪ್ಪಿಗೆಯಾದರೆ ನನಗೂ ಒಪ್ಪಿಗೆ.’

ನನಗೆ ಹಗುರವಾಯಿತು. ಯಂತ್ರಕ್ಕೆ ಯಾರ ಮುಲಾಜೂ ಇಲ್ಲ ಎಂದು ನಮ್ಮ ಹೆಡ್‌ಮಾಸ್ತರರಿಗೆ ಹೇಳಿದೆ. ಆ ಹಗುರವನ್ನು ನಾನು ಆಗಲೇ ಅನುಮಾನಿಸಬೇಕಿತ್ತು.

ಹತ್ತನೆಯ ಸರತಿ ಮುಗಿದಾಗ ನಾಗರ ಕೈಯಲ್ಲಿ ಹದಿನೇಳು ಚೌಕ, ಯಕ್ಷರ ಕೈಯಲ್ಲಿ ಹದಿನಾರು. ಹನ್ನೊಂದನೆಯ ಸರತಿಗೆ ಹಾನಗಲ್ಲಿನ ಮಾಸ್ತರು ಇದ್ದಬದ್ದ ಯಕ್ಷರನ್ನೆಲ್ಲ ಒಟ್ಟುಮಾಡಿ 140 ಮಂದಿಯನ್ನು ಇಪ್ಪತ್ತೇಳನೆಯ ಚೌಕಕ್ಕೆ ನುಗ್ಗಿಸಿದರು. ಅಲ್ಲಿ ಇದ್ದ ನಾಗರು ನಲವತ್ತು. ನೀರಿನ ಬಲ ಸೇರಿ ಅರವತ್ತು. ಉದಾಹರಣೆಗೆಂದು ನಾನು ಮೇಲೆ ಕೊಟ್ಟ ಲೆಕ್ಕವೇ ಅದು.

ಆ ಶನಿವಾರ ಪೇಪರಿನ ಕಟ್ಟು ಬರಲಿಲ್ಲ. ಅದನ್ನು ತರುವ ಹುಬ್ಬಳ್ಳಿಯ ಮೊದಲ ಬಸ್ಸು ತಡಸದ ಹತ್ತಿರ ಕೆಟ್ಟು ನಿಂತಿದೆಯೆಂದು ಸ್ಟ್ಯಾಂಡಿನಲ್ಲಿ ಹೇಳಿದರು. ಮಧ್ಯಾಹ್ನದ ತನಕ ಕಾದೆ. ಅಷ್ಟರಲ್ಲಿ ಹೆಡ್‌ಮಾಸ್ತರರು ಹುಬ್ಬಳ್ಳಿಯ ಮಗಳ ಮನೆಯಿಂದ ಬೇರೆ ಬಸ್ಸಿನಲ್ಲಿ ಬಂದಿಳಿದರು. ಅವರ ಚೀಲದಲ್ಲಿ ಅದೇ ಪೇಪರು ಇತ್ತು, ಅದೇ ಶನಿವಾರದ್ದು. ಧಾರಣೆಯ ಕಾಲಂ ನೋಡಿದೆ. ಕೊನೆಯ ಮೂರು ಅಂಕಿ 485. ಬರೆದುಕೊಂಡೆ. ಅಂಕಿಯ ಪಕ್ಕದಲ್ಲಿ ‘ಹೆ.ಮಾ. ಅವರ ಪೇಪರು’ ಎಂದೂ ಬರೆದೆ. ಏನು ನಡೆಯಿತೋ ಅದನ್ನು ಬರೆದಿಡುವುದು ನನ್ನ ರೂಢಿ.

485ನ್ನು 27ರಿಂದ ಗುಣಿಸಿ 101ರಿಂದ ಭಾಗಿಸಿದರೆ ಶೇಷ 66. ಎಪ್ಪತ್ತಕ್ಕಿಂತ ಕಡಿಮೆ. ಕೆರೆ ಬಿತ್ತು.

ಹನ್ನೆರಡನೆಯ ಸರತಿಯಲ್ಲಿ ಯಕ್ಷರು ತುಂಡಾದ ನಾಗರನ್ನು ಮೂರು ಕಡೆಯಿಂದ ಮುತ್ತಿದರು. ಕೊನೆಯ ಎಣಿಕೆ: ಯಕ್ಷರು ಇಪ್ಪತ್ತೊಂದು, ನಾಗರು ಹನ್ನೆರಡು. ನಾನು ಮೂವರಿಗೂ ಫಲಿತಾಂಶ ಬರೆದು, ಅದೇ ದಿನ ಕಚೇರಿಗೆ ಹಾನಗಲ್ಲಿನ ಮಾಸ್ತರರ ಹೆಸರು ಬರೆದು, ಎಲ್ಲವನ್ನೂ ಒಟ್ಟಿಗೇ ಅಂಚೆಗೆ ಹಾಕಿದೆ.

ಒಂದು ವಾರದ ಮೇಲೆ ಹಿರೇಕೆರೂರಿನಿಂದ ಲಕೋಟೆ ಬಂತು. ಆ ಒಂದು ಸಾಲಿನ ಒಪ್ಪಿಗೆ ಬಿಟ್ಟರೆ ಮೊದಲ ಬಾರಿಗೆ ಅದರಲ್ಲಿ ಸಂಖ್ಯೆಗಳಲ್ಲದೆ ಮಾತುಗಳಿದ್ದವು. ಹನ್ನೊಂದನೆಯ ಸರತಿಯ ವರದಿ ಬಂದ ದಿನವೇ ಅವರು ಲೆಕ್ಕ ತಾಳೆ ನೋಡಿದ್ದರಂತೆ. ಅವರಿಗೆ ಬಂದ ಶೇಷ 98, ಎಪ್ಪತ್ತಕ್ಕಿಂತ ಹೆಚ್ಚು. ಮೂರು ಸಲ ಮಾಡಿದರೂ ಅದೇ ಬಂತು. ಯಂತ್ರ ತಪ್ಪುವುದಿಲ್ಲ, ತಾವೇ ಎಲ್ಲೋ ಎಡವಿರಬೇಕು ಎಂದುಕೊಂಡು ಸುಮ್ಮನಾಗಿ ಕೊನೆಯ ಆದೇಶ ಕಳಿಸಿದರು. ಆಟ ಮುಗಿದ ಮೇಲೆ ಮನಸ್ಸು ತಡೆಯದೆ ಮೊದಲ ಸರತಿಯಿಂದ ವರದಿಯಾದ ಎಲ್ಲ ಹೋರಾಟಗಳನ್ನೂ ಮತ್ತೆ ಲೆಕ್ಕ ಹಾಕಿದರು. ಹನ್ನೊಂದನೆಯದೊಂದನ್ನು ಬಿಟ್ಟು ಪ್ರತಿಯೊಂದು ಸರತಿಯ ಫಲಿತಾಂಶವೂ ತಾಳೆಯಾಯಿತು. ಕೊನೆಯ ಸಾಲು ಹೀಗಿತ್ತು: ‘ಸರ್, ಆ ಶನಿವಾರ ನೀವು ಯಾವ ಪೇಪರು ನೋಡಿದಿರಿ?’ ಲಕೋಟೆಯೊಳಗೆ ಧಾರಣೆಯ ಕಾಲಂ ಕತ್ತರಿಸಿ ಇಟ್ಟಿದ್ದರು. ಅದರಲ್ಲಿ ಇದ್ದದ್ದು 460.

ಶಾಲೆಯ ಕಪಾಟಿನಲ್ಲಿ ಆ ದಿನದ ನಮ್ಮ ಕಟ್ಟಿನ ಪೇಪರೂ ಇತ್ತು. ಭಾನುವಾರ ಬಂದದ್ದನ್ನು ಯಾರೋ ಎತ್ತಿಟ್ಟಿದ್ದರು. ಅದರಲ್ಲೂ 460. ಹೆಡ್‌ಮಾಸ್ತರರು ತಂದದ್ದು ಸಿಟಿ ಆವೃತ್ತಿ, ರಾತ್ರಿ ತಡವಾಗಿ ಅಚ್ಚಾಗುವಂಥದು, ಅದರಲ್ಲಿ ಹೊಸ ದರ. ನಮ್ಮ ಊರುಗಳಿಗೆ ಬರುವ ಡಾಕ್ ಆವೃತ್ತಿ ಸಂಜೆಯೇ ಅಚ್ಚಾಗುತ್ತದೆ, ಅದರಲ್ಲಿ ಹಿಂದಿನ ದರ. ದಿನವೂ ಓದುವ ಪೇಪರಿನ ಬಗ್ಗೆ ಇಷ್ಟು ನನಗೆ ಗೊತ್ತಿರಲಿಲ್ಲ.

ಎರಡೂ ಪೇಪರುಗಳನ್ನು ಹೆಡ್‌ಮಾಸ್ತರರ ಮುಂದೆ ಹಾಸಿದೆ. ಅವರು ಒಳ್ಳೆಯ ಮನುಷ್ಯ. ಬಹಳ ಹೊತ್ತು ನೋಡಿದರು.

“ಎರಡೂ ಶನಿವಾರದ್ದ ಅದಾವು. ನಿಮ್ಮ ನಿಯಮದಾಗ ಏನೈತಿ? ಆ ಶನಿವಾರದ ಪೇಪರು. ಅಷ್ಟ. ನೀವು ತಪ್ಪು ಮಾಡಿಲ್ಲ.”

“ನಿಯಮ ತಪ್ಪಿಲ್ಲ ಸರ. ಆದರ ಆ ಕೆರಿ ಬೀಳಬಾರದಿತ್ತು.”

“ಹೆಸರು ಹೋಗಿ ವಾರ ಆತು. ಈಗ ಏನಂತ ಬರೀತೀರಿ? ಸರಕಾರದ ಯಂತ್ರದಾಗ ಹಾವು ದೆವ್ವದ ಆಟ ಆಡಿದ್ವಿ, ಅದರಾಗ ಗೆದ್ದವರ ಹೆಸರು ಕಳಿಸಿದ್ದೆ, ಈಗ ಆಟ ತಪ್ಪಾತು ಅಂತ ಬರೀತೀರೇನು? ಉಸ್ತುವಾರಿ ಉಳೀತೈತೇನ್ರಿ ನಿಮ್ಮ ಕೈಯಾಗ?”

ಆ ಯಂತ್ರದ ಕೋಣೆಯ ಕೀಲಿಯನ್ನು ನಾನು ಕೊರಳ ದಾರಕ್ಕೆ ಕಟ್ಟಿಕೊಂಡಿರುತ್ತಿದ್ದೆ. ಅದು ನನ್ನಿಂದ ಹೋಗುವ ವಿಚಾರ ಅಂದೇ ಮೊದಲು ಬಂದದ್ದು. ಎರಡು ದಿನ ಏನೂ ಮಾಡಲಿಲ್ಲ ಎಂಬುದನ್ನೂ ಇಲ್ಲಿ ಬರೆಯಬೇಕು. ನಿಯಮದ ಮೂರು ಪದಗಳ ಹಿಂದೆ ನಿಂತುಕೊಳ್ಳಬಹುದಿತ್ತು. ನಿಂತೇ ಇದ್ದೆ.

ಆದರೆ ಆ ಶಿಕ್ಷಕಿ ಕಾಗದದಲ್ಲಿ ಎಲ್ಲಿಯೂ ನೀವು ತಪ್ಪಿದಿರಿ ಎಂದು ಬರೆದಿರಲಿಲ್ಲ. ಯಾವ ಪೇಪರು ನೋಡಿದಿರಿ ಎಂದಷ್ಟೇ ಕೇಳಿದ್ದರು. ಕೇಳಿದ್ದಕ್ಕೆ ಉತ್ತರ ನನ್ನ ನೋಟ್‌ಬುಕ್ಕಿನಲ್ಲೇ ನನ್ನ ಅಕ್ಷರದಲ್ಲೇ ಇತ್ತು. ಮೂರನೆಯ ದಿನ ಮೂವರಿಗೂ ಬರೆದೆ: ಮುಂದಿನ ಭಾನುವಾರದ ಮರು ಭಾನುವಾರ ಸವಣೂರಿಗೆ ಬನ್ನಿ, ಹನ್ನೊಂದನೆಯ ಸರತಿ ಮತ್ತೆ ನೋಡಬೇಕಾಗಿದೆ.

ಮತ್ತೆ ನೋಡುವುದು ಸುಲಭವಾಗಿರಲಿಲ್ಲ. ನನ್ನ ಬಳಿ ಇದ್ದವು ಎರಡೇ ಕ್ಯಾಸೆಟ್ಟು, ಒಂದಾದ ಮೇಲೊಂದು ಬಳಸುತ್ತಿದ್ದೆ. ಹತ್ತನೆಯ ಸರತಿಯ ಸ್ಥಿತಿ ಇದ್ದ ಕ್ಯಾಸೆಟ್ಟಿನ ಮೇಲೆಯೇ ಹನ್ನೆರಡನೆಯದನ್ನು ಉಳಿಸಿದ್ದೆ. ಹತ್ತನೆಯದು ಅಳಿಸಿ ಹೋಗಿತ್ತು. ಉಳಿದ ದಾರಿ ಒಂದೇ, ಮೊದಲಿನಿಂದ ಆಡಿಸುವುದು. ಮೂರು ಊರಿನ ಕಾಗದಗಳೆಲ್ಲ ಗೋಡೆಯ ತಂತಿಗೆ ಚುಚ್ಚಿಕೊಂಡು ತೂಗಾಡುತ್ತಿದ್ದವು. ಕೆಳಗಿನಿಂದ ಒಂದೊಂದೇ ಬಿಡಿಸಿ ದಿನಕ್ಕೆ ಎರಡು ಸರತಿಯಂತೆ ಟೈಪು ಮಾಡಿದೆ. ನಾಲ್ಕನೆಯ ಸರತಿಯ ನಡುವೆ ಕರೆಂಟು ಹೋಗಿ ಒಂದು ಮಧ್ಯಾಹ್ನವೆಲ್ಲ ನೀರಿಗೆ ಹೋಯಿತು. ಆರನೆಯ ಸರತಿಯಲ್ಲಿ ಕಿನ್ನರರ ಲೆಕ್ಕ ಹಳೆಯ ವರದಿಗಿಂತ ಐದು ಕಡಿಮೆ ಬಂತು. ಹಾಗಾದರೆ ಆಗಲೂ ಏನೋ ತಪ್ಪಿದ್ದೇನೆಯೇ? ಒಂದು ತಾಸು ಹುಡುಕಿದ ಮೇಲೆ ಈ ಸಲ 20ರ ಜಾಗದಲ್ಲಿ 15 ಒತ್ತಿದ್ದು ಸಿಕ್ಕಿತು. ಹತ್ತನೆಯ ಸರತಿ ಮುಗಿದಾಗ ಪರದೆಯ ಮೇಲೆ ನಾಗರು ಹದಿನೇಳು, ಯಕ್ಷರು ಹದಿನಾರು. ಹಳೆಯ ವರದಿಗೆ ಸರಿಹೊಂದಿತು. ಅಲ್ಲಿಗೆ ನಿಲ್ಲಿಸಿ, ಹೊಸ ಕ್ಯಾಸೆಟ್ಟಿನಲ್ಲಿ ಉಳಿಸಿ, ಅದರ ಕಿವಿ ಮುರಿದಿಟ್ಟೆ. ಕ್ಯಾಸೆಟ್ಟಿನ ಹಿಂದಿನ ಆ ಸಣ್ಣ ತುಂಡು ಮುರಿದರೆ ಮೇಲೆ ಇನ್ನೇನೂ ಮುದ್ರಿಸಲಾಗದು.

ಭಾನುವಾರ ಮೊದಲು ಬಂದವರು ಶಿಗ್ಗಾವಿಯ ಮಾಸ್ತರು. ಆಮೇಲೆ ಹಿರೇಕೆರೂರಿನ ಶಿಕ್ಷಕಿ, ಜೊತೆಗೆ ಅವರ ಅವ್ವ. ಸವಣೂರಿನ ವೀಳ್ಯದೆಲೆ ಒಯ್ಯಬೇಕೆಂದು ಬಂದಿದ್ದರು. ಕೊನೆಗೆ ಹಾನಗಲ್ಲಿನ ಮಾಸ್ತರು. ಅವರ ಮುಖ ಗಂಟಾಗಿತ್ತು.

ನಾನು ಎರಡು ಪೇಪರು, ನೋಟ್‌ಬುಕ್ಕು ಎಲ್ಲವನ್ನೂ ಟೇಬಲ್ಲಿನ ಮೇಲಿಟ್ಟು ಆದದ್ದನ್ನು ಆದ ಕ್ರಮದಲ್ಲಿ ಹೇಳಿದೆ.

“ಅಲ್ಲ ಮಾಸ್ತರ,” ಎಂದರು ಹಾನಗಲ್ಲಿನವರು, “ಹೊಸಾ ಸೂಟ್‌ಕೇಸ್ ತಂದೇನಿ. ಶಾಲ್ಯಾಗ ಪೇಢೆ ಹಂಚೇನಿ. ಈಗ ಕರದು ಪೇಪರ್ ಓದಿ ತೋರಸ್ತೀರೇನು? ಎರಡೂ ಅದ ತಾರೀಖಿನವು. ಮುಗೀತಲ್ಲ?”

ಶಿಗ್ಗಾವಿಯ ಮಾಸ್ತರು ಸಮಾಧಾನದಿಂದ ಕೇಳಿದರು, “ಮೆಣಸಿನಕಾಯಿ ಯಾಕ ಹಿಡದ್ವಿ ನಾವು? ನಾಲ್ಕೂ ಊರಾಗ ಕಾಣಬೇಕಂತ. ಕಾಣೂ ಹಂಗ ಒಗೀರಿ ಅಂತ ಕೂಗ್ಯಾಡಿದವರು ನೀವ. ಸವಣೂರಾಗ ಒಬ್ಬರಿಗೆ ಕಂಡದ್ದು ಲೆಕ್ಕಕ್ಕ ಹೆಂಗ ಬರತೈತ್ರಿ?”

ಹಾನಗಲ್ಲಿನವರು ಶಿಕ್ಷಕಿಯ ಕಡೆ ತಿರುಗಿದರು. “ಬಾಯಾರ, ನಿಮಗ ಆಗಲೇ ಗೊತ್ತಾಗಿತ್ತಲ್ಲ? ಹದಿನೈದು ದಿನ ಯಾಕ ಬಾಯಿ ಮುಚ್ಕೊಂಡು ಕುಂತ್ರಿ? ಸೋತ ಮ್ಯಾಲೆ ನೆಪ್ಪಾತೇನು?”

“ಸೋತದ್ದಕ್ಕ ಬಂದಿಲ್ರಿ ಸರ,” ಎಂದರು ಶಿಕ್ಷಕಿ. ದನಿ ಏರಲಿಲ್ಲ. “ಯಂತ್ರ ಒಂದ ಹೇಳತೈತಿ, ನನ್ನ ಪೆನ್ಸಿಲ್ ಇನ್ನೊಂದ ಹೇಳತೈತಿ. ಯಂತ್ರ ತಪ್ಪತೈತಿ ಅಂತ ಯಾರಿಗೆ ಹೇಳಲಿ? ನನಗ ಭಾಗಾಕಾರನ ಬರೂದಿಲ್ಲೇನೋ ಅನಿಸಿಬಿಟ್ಟಿತ್ತು. ವರ್ಗದಾಗ ಬೋರ್ಡ್ ಮ್ಯಾಲೆ ಲೆಕ್ಕ ಬಿಡಸೂಮುಂದ ಎರಡೆರಡು ಸಲ ಅಳಿಸಿ ಮಾಡತಿದ್ದೆ. ನನ್ನ ಲೆಕ್ಕ ಸರಿ ಐತೋ ಇಲ್ಲೋ, ಅಷ್ಟ ಹೇಳ್ರಿ. ಕೆರಿ ಯಾರರ ಇಟ್ಕೊಳ್ರಿ.”

ಚೀಲದಿಂದ ಇನ್ನೂರು ಪುಟದ ಒಂದು ನೋಟ್‌ಬುಕ್ಕು ತೆಗೆದು ಟೇಬಲ್ಲಿನ ಮೇಲಿಟ್ಟರು.

ಬಾಗಿಲ ಬಳಿ ಕುಳಿತು ಅಡಿಕೆ ಕತ್ತರಿಸುತ್ತಿದ್ದ ಅವರ ಅವ್ವ ಕೇಳಿದರು, “ಯಾರ ಯಾರಿಗೆ ಜಗಳ ಇದು?”

“ಹಾವಿಗೂ ಯಕ್ಷರಿಗೂ, ಅವ್ವಾರ,” ಎಂದರು ಶಿಗ್ಗಾವಿಯವರು.

“ಎಲ್ಲೆ?”

“ಕೆರ್ಯಾಗ.”

“ಕೆರ್ಯಾಗಿನ ಹಾವಿನ ಗೊಡವಿಗೆ ಯಾಕ ಹೊಕ್ಕಾರ ಅವರು, ಬ್ಯಾರೆ ಕೆಲಸಿಲ್ಲೇನು?” ಎಂದು ಮತ್ತೆ ಅಡಿಕೆಗೆ ತಿರುಗಿದರು. ಹಾನಗಲ್ಲಿನವರಿಗೂ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು.

“ತರ್ರಿ ಇಲ್ಲೆ,” ಎಂದು ಅವರು ನೋಟ್‌ಬುಕ್ಕು ಎಳೆದುಕೊಂಡು ಜೇಬಿನಿಂದ ಪೆನ್ನು ತೆಗೆದರು. “ತಪ್ಪು ತಗದ ತೋರಸ್ತೇನಿ.”

ಒಂದೂವರೆ ತಾಸು ಅವರು ತಲೆ ಎತ್ತಲಿಲ್ಲ. ನಾನು ಪಕ್ಕದಿಂದ ನೋಡುತ್ತಿದ್ದೆ. ಪ್ರತಿ ಸರತಿಗೂ ಎಡಪುಟದಲ್ಲಿ ಪೆನ್ಸಿಲ್ಲಿನ ನಕ್ಷೆ, ಬಲಪುಟದಲ್ಲಿ ವರದಿಯಾದ ಹೋರಾಟಗಳ ಗುಣಾಕಾರ, ಭಾಗಾಕಾರ. ತಮ್ಮದಲ್ಲದ ಹೋರಾಟಗಳದ್ದೂ ಇದ್ದವು. ನನ್ನ ಪ್ರೋಗ್ರಾಮು ಯಾವ ಕ್ರಮದಲ್ಲಿ ಚೌಕಗಳನ್ನು ನೋಡುತ್ತದೋ ಅದೇ ಕ್ರಮ. ಯಂತ್ರವನ್ನು ಮುಟ್ಟದೆ ಆರು ತಿಂಗಳ ಆಟಕ್ಕೆಲ್ಲ ಈ ಹೆಣ್ಣುಮಗಳು ತಾವೇ ಯಂತ್ರದ ಕೆಲಸ ಮಾಡಿದ್ದರು. ಅಂಚುಗಳಲ್ಲಿ ಸಣ್ಣ ಅಕ್ಷರದಲ್ಲಿ ಪ್ರಶ್ನೆಗಳು: ‘ರಾಕ್ಷಸರಿಗೆ ಇಬ್ಬರು ಸಮಾನ ದುರ್ಬಲರು ಕಂಡರೆ ಯಾರನ್ನು ಆರಿಸುತ್ತಾರೆ?’ ಅದು ನನ್ನ ಪ್ರೋಗ್ರಾಮಿನ ನಿಜವಾದ ದೋಷ. ಅಂಥ ಹೊತ್ತಿನಲ್ಲಿ ರಾಕ್ಷಸರು ಯಾವಾಗಲೂ ಮೊದಲು ಬಂದ ಚೌಕವನ್ನೇ ಆರಿಸುತ್ತಿದ್ದರು. ನನಗೇ ಹೊಳೆದಿರಲಿಲ್ಲ.

“ಸಿಕ್ತು!” ಎಂದರು ಹಾನಗಲ್ಲಿನವರು. “ನಾಕನೇ ಸರತಿ, ಹತ್ತೊಂಬತ್ತನೇ ಚೌಕ. 430 ಗುಣಿಸು 19, ಎಂಟು ಸಾವಿರದ ನೂರಾ ಎಪ್ಪತ್ತು. ನೂರಾ ಒಂದಲೆ ಭಾಗಿಸಿದ್ರ ಉಳಿಯೂದು ತೊಂಬತ್ತು. ಇಲ್ಲೆ ಎಂಬತ್ತು ಬರದೀರಿ.”

ಶಿಕ್ಷಕಿ ಬಾಗಿ ನೋಡಿದರು. ಬಾಯಲ್ಲೇ ಲೆಕ್ಕ ಹಾಕಿದರು. “ಹೌದ್ರಿ. ತೊಂಬತ್ತು. ನಂದ ತಪ್ಪು.” ಪೆನ್ಸಿಲ್ ತೆಗೆದುಕೊಂಡು ತಿದ್ದಿದರು. ಎಂಬತ್ತಾದರೂ ತೊಂಬತ್ತಾದರೂ ಆ ಚೌಕ ಉಳಿಯುವುದೇ, ಆದ್ದರಿಂದ ಫಲಿತಾಂಶಕ್ಕೆ ಏನೂ ಆಗಲಿಲ್ಲ. ಆದರೆ ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಹಾನಗಲ್ಲಿನವರು ಉಳಿದ ಪುಟಗಳನ್ನೂ ಬಿಡಲಿಲ್ಲ. ಕೊನೆಗೆ ಹನ್ನೊಂದನೆಯ ಸರತಿಗೆ ಬಂದು, ಕತ್ತರಿಸಿದ ಕಾಲಂ ನೋಡಿ, 460ನ್ನು 27ರಿಂದ ತಾವೇ ಗುಣಿಸಿ ಭಾಗಿಸಿದರು. 98. ನೋಟ್‌ಬುಕ್ಕು ಮುಚ್ಚಿ ಅದರ ಮೇಲೆ ಕೈಯಿಟ್ಟು ಕುಳಿತರು.

“ಲೆಕ್ಕ ಸರಿ ಐತಿ ಬಾಯಾರ,” ಎಂದರು. “ಇಷ್ಟು ನಾ ಯಂತ್ರ ಇದ್ದಿದ್ರೂ ಮಾಡ್ತಿದ್ದಿಲ್ಲ.”

ಶಿಕ್ಷಕಿ ಸೆರಗಿನಿಂದ ಮುಖ ಒರೆಸಿಕೊಂಡು ಕಿಟಕಿಯ ಕಡೆ ನೋಡಿದರು.

ಹನ್ನೊಂದನೆಯ ಸರತಿಯನ್ನು 460 ಕೊಟ್ಟು ಎಲ್ಲರ ಮುಂದೆ ಓಡಿಸಿದೆ. ಕೆರೆ ಉಳಿಯಿತು. ಇನ್ನು ಹನ್ನೆರಡನೆಯದು. ಅದನ್ನು ಹೊಸದಾಗಿ ಆಡಬೇಕು, ಶನಿವಾರದ ಅಂಕಿ ಎಲ್ಲರೂ ಆಗಲೇ ನೋಡಿದ್ದರಿಂದ, ಇನ್ನೂ ಬಿಚ್ಚದ ಆ ಭಾನುವಾರದ ಪೇಪರಿನ ಅಂಕಿಯಿಂದ. ಮೂವರೂ ಮೂರು ಮೂಲೆಗೆ ಹೋಗಿ ಆದೇಶ ಬರೆಯಲು ಕುಳಿತರು. ನಾನು ಸ್ಥಿತಿಯನ್ನು ಉಳಿಸಲು ಕ್ಯಾಸೆಟ್ಟು ಹಚ್ಚಿದೆ. ಟೇಪು ಕೀರಲು ದನಿಯಲ್ಲಿ ಓಡತೊಡಗಿತು.

ಆ ಏಳೆಂಟು ನಿಮಿಷಗಳಲ್ಲಿ ನಾನು ತೀರ್ಮಾನ ಮಾಡಿದೆ. ಈ ಸರತಿಯಲ್ಲಿ ಯಾರಾದರೂ ಗೆಲ್ಲಲಿ, ಅದರಿಂದ ತಿಳಿಯುವುದು ಮೆಣಸಿನಕಾಯಿಯ ದರ ಅಷ್ಟೇ. ತರಬೇತಿಗೆ ಯಾರು ಹೋಗಬೇಕು ಎಂಬುದನ್ನು ಕಚೇರಿ ಕೇಳಿದ್ದು ನನ್ನನ್ನು. ನಾನು ಅದನ್ನು ರಾಕ್ಷಸರ ಕೈಗೆ ಕೊಟ್ಟು ನಿಷ್ಪಕ್ಷಪಾತಿ ಎಂದುಕೊಂಡಿದ್ದೆ. ಅದು ನಿಷ್ಪಕ್ಷಪಾತವಾಗಿರಲಿಲ್ಲ, ಅಂಜಿಕೆಯಾಗಿತ್ತು. ಉತ್ತರ ಇನ್ನೂರು ಪುಟದಲ್ಲಿ ಟೇಬಲ್ಲಿನ ಮೇಲೆ ಬಿದ್ದಿತ್ತು.

ಬಿಳಿ ಹಾಳೆ ತೆಗೆದುಕೊಂಡು ಬರೆದೆ. ನನ್ನ ಹಿಂದಿನ ಶಿಫಾರಸು ಒಂದು ಆಟದ ಫಲಿತಾಂಶವನ್ನು ಆಧರಿಸಿತ್ತು, ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಆಟವನ್ನು ಶಾಲೆಯ ಯಂತ್ರದಲ್ಲಿ ನಾನೇ ನಡೆಸಿದ್ದು, ಅದರಲ್ಲಾದ ತಪ್ಪು ನನ್ನದು. ನನ್ನ ಸ್ವಂತ ತೀರ್ಮಾನದಿಂದ ಹಿರೇಕೆರೂರಿನ ಶಿಕ್ಷಕಿಯ ಹೆಸರು ಸೂಚಿಸುತ್ತೇನೆ; ಯಂತ್ರವಿಲ್ಲದೆ ಅವರು ಮಾಡಿದ ಕೆಲಸದ ನೋಟ್‌ಬುಕ್ಕನ್ನು ಪರಿಶೀಲನೆಗೆ ಲಗತ್ತಿಸಿದೆ. ಸಹಿ ಮಾಡಿ, ಮೂವರಿಗೂ ಗಟ್ಟಿಯಾಗಿ ಓದಿ ಹೇಳಿದೆ.

ಶಿಗ್ಗಾವಿಯ ಮಾಸ್ತರು ಮೆಲ್ಲಗೆ, “ಆಟದ ಮಾತು ಬಿಟ್ಟು ಬರದ್ರೂ ನಡೀತೈತ್ರಿ. ಹಾನಗಲ್ಲ ಮಾಸ್ತರು ಮನಿ ಅಡಚಣಿ, ಹೋಗಾಕ ಆಗೂದಿಲ್ಲ ಅಂತ ಒಂದು ಚೀಟಿ ಕೊಟ್ರ ಸಾಕು. ನಿಮ್ಮ ಕೀಲಿ ನಿಮ್ಮ ಕೊರಳಾಗ ಇರತೈತಿ,” ಎಂದರು.

“ಹಂಗ ಮಾಡಿದ್ರ ನೋಟ್‌ಬುಕ್ ಯಾಕ ಹುಟ್ಟಿತು ಅಂತ ಏನು ಹೇಳಬೇಕ್ರಿ?” ಎಂದೆ.

ಹಾನಗಲ್ಲಿನವರ ಕಡೆ ನೋಡಿದೆ. ಅವರು ತಮ್ಮ ಆದೇಶದ ಚೀಟಿಯನ್ನು ನಾಲ್ಕು ಮಡಿಕೆ ಮಾಡುತ್ತಿದ್ದರು. “ಪೇಢೆ ಹಂಚಿದ್ದು ವಾಪಸ್ ಇಸ್ಕೊಳ್ಳಾಕ ಬರೂದಿಲ್ಲ,” ಎಂದರು. ಚೀಟಿಯನ್ನು ನನ್ನ ಕೈಗಿಟ್ಟು, “ಕಳಸ್ರಿ. ಆದ್ರ ಆಟ ಮುಗಸೂನು. ಅದನ್ನ ನಾ ಬಿಡೂದಿಲ್ಲ.”

ಮುಗಿಸಿದೆವು. ಅಂದಿನ ಅಂಕಿಯನ್ನು ನಾಲ್ವರೂ ಒಂದೇ ಪೇಪರಿನಲ್ಲಿ ಬೆರಳಿಟ್ಟು ಓದಿದೆವು, ಕಟ್ಟಿನಲ್ಲಿ ಬಂದ ಡಾಕ್ ಆವೃತ್ತಿ. ಯಕ್ಷರು ಕೆರೆಯ ಗೊಡವೆಗೆ ಹೋಗದೆ ಉತ್ತರದ ಬಯಲಿನಲ್ಲಿ ರಾಕ್ಷಸರ ಎರಡು ಚೌಕ ಕಿತ್ತುಕೊಂಡರು. ಯಕ್ಷರು ಹದಿನೆಂಟು, ನಾಗರು ಹದಿನೇಳು. ಹಾನಗಲ್ಲಿನವರು ಎದ್ದು ನಿಂತು ಅಂಗಿ ಜಗ್ಗಿ ಸರಿಮಾಡಿಕೊಂಡರು. “ನಾಡು ನಂದು. ಪ್ರಯಾಣ ಅವರದು. ಬಾಯಾರ, ಸೂಟ್‌ಕೇಸ್ ಹೊಸಾದೈತಿ, ಒಯ್ರಿ. ಕೀಲಿ ಸ್ವಲ್ಪ ಬಿಗಿ ಐತಿ.”

ಕಚೇರಿಯಿಂದ ಇಪ್ಪತ್ತು ದಿನದ ಮೇಲೆ ಎರಡು ಲಕೋಟೆ ಒಟ್ಟಿಗೆ ಬಂದವು. ಒಂದರಲ್ಲಿ ಹಿರೇಕೆರೂರಿನ ಶಿಕ್ಷಕಿಯನ್ನು ತರಬೇತಿಗೆ ನಿಯೋಜಿಸಿದ ಆದೇಶದ ಪ್ರತಿ. ಇನ್ನೊಂದು ನನಗೆ, ಸರಕಾರಿ ಯಂತ್ರವನ್ನು ಆಟಕ್ಕೆ ಬಳಸಿದ್ದೇಕೆಂದು ಕಾರಣ ಕೇಳಿ. ಕಾರಣ ಬರೆದೆ. ಆ ವರ್ಷದ ಮಟ್ಟಿಗೆ ಉಸ್ತುವಾರಿಯನ್ನು ಬೇರೆಯವರಿಗೆ ಕೊಟ್ಟರು. ಕೊರಳ ದಾರದಿಂದ ಕೀಲಿ ಬಿಚ್ಚಿ ಕೊಟ್ಟ ಮೇಲೂ ಬಹಳ ದಿನ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು.

ತರಬೇತಿಯ ಎರಡನೆಯ ವಾರದಲ್ಲಿ ಶಿಕ್ಷಕಿಯಿಂದ ಒಂದು ಕಾರ್ಡು ಬಂತು. ಎಂದಿನಂತೆ ಕುಶಲವಿಲ್ಲ, ಪೀಠಿಕೆಯಿಲ್ಲ. ‘ರಾಕ್ಷಸರ ದೋಷಕ್ಕೆ ಎರಡು ಸಾಲು ಬರೆದಿದ್ದೇನೆ, ಹಿಂದೆ ನೋಡಿ. ಇಲ್ಲಿ ಯಂತ್ರದ ಮೇಲೆ ಓಡಿಸಿದ್ದೇನೆ, ಕೈಯಿಂದಲೂ ಮಾಡಿ ನೋಡಿದ್ದೇನೆ, ಎರಡೂ ಒಂದೇ ಬಂದವು.’ ಕಾರ್ಡಿನ ಹಿಂದೆ ಆ ಎರಡು ಸಾಲು. ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ ತಿರುಗಿಸಿ ಬರೆದದ್ದು: ‘ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟ ತಿದ್ದಿದಿರಾ?’

ಕಾರ್ಡು ಕೈಯಲ್ಲಿ ಹಿಡಿದುಕೊಂಡೇ ನೋಟ್‌ಬುಕ್ಕು ತೆಗೆದೆ. ತಿದ್ದಿರಲಿಲ್ಲ. ‘ಆ ಶನಿವಾರದ ಪೇಪರು’ ಎಂಬುದರ ಮುಂದೆ ಬರೆದೆ: ‘ನಾಲ್ಕೂ ಊರಿಗೆ ಬರುವಂಥದು.’